ಕಾಲರಿನೊಳಗಿನ ಕೆಂಪು ದಾರ

ಬೆಳಗಾದರೆ ಮಗಳಿಗೆ ಹೊಟ್ಟೆನೋವು; ಶಾಲೆಯ ಗಂಟೆ ಬಾರಿಸಿದ ಮೇಲೆ ನೋವು ತಾನಾಗಿಯೇ ಮಾಯ. ಇಂಥ ನೋವು ಯಾವ ಮನೆಗೆ ಹೊಸದು? ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಯಜಮಾನ ಅದನ್ನು ಸೋಮಾರಿತನವೆಂದೇ ತೀರ್ಮಾನಿಸಿದ್ದ. ಓದಿದ್ದು ಸಾಕು, ಇನ್ನು ಇಸ್ತ್ರಿ ಮೇಜಿನ ಮುಂದೆ ನಿಲ್ಲಲಿ ಎಂದೂ ಹೇಳಿಬಿಟ್ಟಿದ್ದ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಪೈಕಿಯವನಲ್ಲ ಅವನು.

ಅಂದೇ ಶಾಲೆಯಿಂದ ಫೋನು ಬಂತು. ಮಾತಾಡಿದವರು ಶಾಲೆಯ ಆಪ್ತ ಸಮಾಲೋಚಕಿ. ಮಗಳನ್ನು ಕರೆದುಕೊಂಡು ತಂದೆತಾಯಿ ಇಬ್ಬರೂ ತಮ್ಮ ಕೋಣೆಗೆ ಬರಬೇಕೆಂದರು. ಅವನು ಹುಬ್ಬು ಗಂಟಿಕ್ಕಿದ. ಅವನು ಓದುವಾಗಲೂ ಅಂಥದೊಂದು ಕೋಣೆಯಿತ್ತು. ಕಿಟಕಿಯ ಗಾಜು ಒಡೆದವರು, ನಕಲು ಹೊಡೆದು ಸಿಕ್ಕಿಬಿದ್ದವರು ಒಳಗೆ ಹೋಗಿ ಕಿವಿ ಕೆಂಪಗೆ ಮಾಡಿಕೊಂಡು ಹೊರಬರುತ್ತಿದ್ದರು.

“ನನ್ನ ಮಗಳು ಕಳ್ಳಿಯೂ ಅಲ್ಲ, ಹುಚ್ಚಿಯೂ ಅಲ್ಲ. ಆ ಕೋಣೆ ಮೆಟ್ಟಿಲು ನಾನು ಹತ್ತಲ್ಲ.”

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ಹತ್ತಬೇಡಿ. ನಾನೇ ಹತ್ತಿ ಬರ್ತೀನಿ. ಅಲ್ಲೀವರೆಗೆ ಈ ಹೊದಿಕೆಗಳನ್ನೆಲ್ಲ ಒಬ್ಬರೇ ಮಡಚಿ, ನೋಡೋಣ.”

ಹೊದಿಕೆ ಮಡಚಲು ಇಬ್ಬರು ಬೇಕು. ಅವನು ಚಪ್ಪಲಿ ಮೆಟ್ಟಿದ.

ಕೋಣೆಯಲ್ಲಿ ಬೆತ್ತ ಕಾಣಲಿಲ್ಲ. ಕುರ್ಚಿಗಳು, ನೀರಿನ ಹೂಜಿ, ತೆರೆದ ಕಿಟಕಿ ಇದ್ದವು. ಸಮಾಲೋಚಕಿ ಮೊದಲೇ ತಿಳಿಸಿದರು: “ಮಗು ನನ್ನ ಹತ್ತಿರ ಹೇಳಿದ್ದನ್ನ ಅವಳನ್ನ ಕೇಳದೆ ಯಾರಿಗೂ ಹೇಳಲ್ಲ. ಪ್ರಾಣಕ್ಕೆ ಅಪಾಯ ಅನ್ನೋ ಹಾಗಿದ್ರೆ ಮಾತ್ರ ಬೇರೆ ಮಾತು. ಇವತ್ತು ಅವಳೇ ಹೇಳ್ತಾಳೆ, ಕೇಳೋಣ.”

ಮಗಳು ತಲೆತಗ್ಗಿಸಿಯೇ ಹೇಳಿದಳು. ಬಟ್ಟೆಗಳು ಅದಲುಬದಲಾಗದಿರಲೆಂದು ಪ್ರತಿ ಅಂಗಿಯ ಕಾಲರಿನೊಳಗೆ ಕೆಂಪು ದಾರದಲ್ಲಿ ಸಣ್ಣ ಗುರುತು ಹೊಲಿಯುವುದು ಅಪ್ಪನ ಪದ್ಧತಿ. ಗುರುತಿಲ್ಲದ ಬಟ್ಟೆ ದಿಕ್ಕಿಲ್ಲದ ಬಟ್ಟೆ ಎನ್ನುತ್ತಿದ್ದ. ಅದೇ ಅಭ್ಯಾಸದಿಂದ ಮಗಳ ಸಮವಸ್ತ್ರಕ್ಕೂ ಹೊಲಿದಿದ್ದ. ಸಹಪಾಠಿಗಳು ಅದನ್ನು ಕಂಡು ತಮ್ಮ ಕಾಲರುಗಳನ್ನು ಮಗುಚಿ ನೋಡಿದ್ದರು. ಅಲ್ಲೂ ಅದೇ ಕೆಂಪು ದಾರ; ತಮ್ಮ ಮನೆಯ ಬಟ್ಟೆ ಒಗೆಯುವವನ ಮಗಳು ಇವಳೇ ಎಂದು ಗೊತ್ತಾಗಿತ್ತು. ಅಂದಿನಿಂದ ಆಟ ಮುಗಿದೊಡನೆ, ಒಗೆದು ತಾ ಎಂಬ ಮಾತಿನೊಡನೆ ಬೆವರಿನ ಅಂಗಿಗಳು ಅವಳ ಬೆಂಚಿನ ಮೇಲೆ ಬೀಳತೊಡಗಿದ್ದವು.

“ಮನೇಲಿ ಯಾಕಮ್ಮ ಹೇಳಲಿಲ್ಲ?” ಅಪ್ಪ ಕೇಳಿದ.

“ಹೇಳಿದ್ರೆ ಆ ಮನೆಗಳ ಬಟ್ಟೆನೇ ಬೇಡ ಅಂತೀಯಪ್ಪ. ಆಮೇಲೆ ನಮ್ಮ ಒಲೆ ಉರಿಯೋದು ಹೇಗೆ?”

ಅವನು ಎದ್ದು ನಿಂತ. ಆ ಮನೆಗಳ ಬಾಗಿಲಿಗೇ ಹೊರಟಿದ್ದ. ಸಮಾಲೋಚಕಿ ತಡೆದು ಕೂರಿಸಿದರು. ತಪ್ಪು ಮಾಡಿದವರನ್ನು ಯಾರಾದರೂ ಕಳುಹಿಸಲಿ ಎಂದು ಸಮಾಲೋಚಕರು ಈ ಕೋಣೆಯಲ್ಲೇ ಕಾಯುತ್ತಿದ್ದ ಕಾಲ ಹೋಯಿತು, ಈಗ ಮಕ್ಕಳಿರುವಲ್ಲಿಗೆ ತಾವೇ ಹೋಗುವುದು ಎಂದರು. ಊಟದ ಹೊತ್ತಿನಲ್ಲಿ ಇವಳು ಒಬ್ಬಳೇ ಕುಳಿತದ್ದು ಹಾಗೆಯೇ ಕಣ್ಣಿಗೆ ಬಿದ್ದಿತ್ತು. ಅಂಗಿ ಎಸೆದವರೊಡನೆ, ಅವರ ಹೆತ್ತವರೊಡನೆ, ತರಗತಿಯ ಶಿಕ್ಷಕರೊಡನೆ ತಾವು ಕುಳಿತು ಮಾತಾಡುವುದಾಗಿ ಒಪ್ಪಿಕೊಂಡರು.

“ಅದು ನನ್ನ ಕೆಲಸ. ನಿಮ್ಮ ಕೆಲಸ ಒಂದೇ. ಹೊಟ್ಟೆನೋವು ಅಂದಾಗ ಸುಳ್ಳು ಅನ್ನಬೇಡಿ. ಏನಾಯ್ತು ಅಂತ ಕೇಳಿ.”

ಸಂಜೆ ಅವನು ಕತ್ತರಿ ಹಿಡಿದು ಮಗಳ ಅಂಗಿಯ ಕಾಲರು ಮಗುಚಿದ. ಅವಳು ಅವನ ಕೈ ಹಿಡಿದುಕೊಂಡಳು.

“ಬಿಚ್ಚಬೇಡಪ್ಪ. ನಿನ್ನ ಗುರುತು ಇರಲಿ. ನಾನು ಇದನ್ನೇ ಹಾಕ್ಕೊಂಡು ಹೋಗ್ತೀನಿ.”

ಮರುದಿನವೂ ಹೊಟ್ಟೆ ನೋಯಿತು. ಅವನು ಕೇಳಿದ, ಅವಳು ಹೇಳಿದಳು, ಆಮೇಲೆ ಇಬ್ಬರೂ ಶಾಲೆಯ ಕಡೆ ನಡೆದರು. ಇಸ್ತ್ರಿ ಮೇಜಿನ ಮುಂದೆ ಅವಳಿಗೆಂದು ಇಟ್ಟ ಜಾಗ ಖಾಲಿಯೇ ಉಳಿಯಿತು.

ಹೆತ್ತವರೇ, ಕಲೆ ಯಾವುದೆಂದು ತಿಳಿಯದೆ ಉಜ್ಜಿದರೆ ಬಟ್ಟೆ ಹರಿಯುತ್ತದೆ. ಮಗು ಶಾಲೆಗೆ ಒಲ್ಲೆನೆಂದರೆ ಬೈಯುವ ಮೊದಲು ಕೇಳಿ. ಶಾಲೆಯಲ್ಲಿ ಆಪ್ತ ಸಮಾಲೋಚಕರು ಇದ್ದರೆ ಹೋಗಿ ಕಾಣಿ. ಇಲ್ಲದಿದ್ದರೆ ಪಾಲಕರ ಸಭೆಯಲ್ಲಿ ಎದ್ದು ನಿಂತು, ಬೇಕೆಂದು ಕೇಳಿ. ಆ ಕೋಣೆಯ ಮೆಟ್ಟಿಲು ಹತ್ತಲು ನಾಚಿಕೆ ಬೇಡ.