ಆಯಿ ಮಾಡಿದ ಕೌದಿ

"ಈ ವಾರ ಮಂದಿ ಏನ ಹುಡಕಾಕತ್ತಾರೋ ಏನೋ?"

ಜಯಮಾಲಾ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಸೋಮವಾರ ಬೆಳಗಾದರೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಮೊಬೈಲಿನ ಮೇಲೆ ಬಗ್ಗಿ, ಗಾಳಿಗೆ ಕೇಳುವ ಪ್ರಶ್ನೆ ಅದು. ಒಳಗೆ ಲಿಂಗಪೂಜೆ ಮುಗಿಸಿ ವಿಭೂತಿಯ ಕೈ ಒರೆಸಿಕೊಳ್ಳುತ್ತಿದ್ದ ಅತ್ತೆ ಕಸ್ತೂರೆವ್ವನಿಗೆ ಅದು ಕೇಳಿಸುತ್ತಿತ್ತು. ಕೇಳಿಸಿಕೊಳ್ಳುವುದು ಕಸ್ತೂರೆವ್ವನ ಸ್ವಭಾವ. ಉತ್ತರ ಕೊಡುವುದು ಅಪರೂಪ.

ಬಸವನ ಬಾಗೇವಾಡಿಯ ಆ ಮನೆಯಲ್ಲಿ ಜಯಮಾಲಾ ಹಳೇ ಸೀರೆಯ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿದು ಮಾರುತ್ತಿದ್ದಳು. ಅಂಗಡಿ ಊರೊಳಗಿರಲಿಲ್ಲ, ಮೊಬೈಲಿನೊಳಗಿತ್ತು. ಕೈಯಿಂದ ಮಾಡಿದ ಸಾಮಾನಷ್ಟೇ ಮಾರುವ ಆನ್‌ಲೈನ್ ಪೇಟೆಯಲ್ಲಿ ಅವಳದೂ ಒಂದು ಮೂಲೆ. ಗಂಡ ಸಿದ್ದಾರೂಢ ಬಸ್ ಕಂಡಕ್ಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಯಾವ ರೂಟು ಬಿದ್ದರೂ ಬರುವಾಗ ಒಂದು ಗಂಟು ಹಳೇ ಸೀರೆ ತರುತ್ತಿದ್ದ. ಇಂಗಳೇಶ್ವರದಿಂದ ಯಶೋಧಾ ಎಂಬ ಹೆಣ್ಣುಮಗಳು ಬೆಳಗಿನ ಬಸ್ಸಿಗೆ ಬಂದು ಸೀರೆ ಒಗೆದು, ಕತ್ತರಿಸಿ, ಆ ತುಂಡುಗಳ ತ್ಯಾಪಿ ಜೋಡಿಸಿ ಕೊಡುತ್ತಿದ್ದಳು. ಸೂಜಿ ಮಾತ್ರ ಜಯಮಾಲಾಳದು. ಅಂಚಿನಿಂದ ಶುರುವಾಗಿ ನಡುವಿನವರೆಗೆ ಒಂದೇ ಕೈಯ ಹೊಲಿಗೆ.

ಆ ಪೇಟೆಯವರು ವಾರಕ್ಕೊಮ್ಮೆ ಮಾರುವವರಿಗೆ ಒಂದು ಉಪಕಾರ ಮಾಡುತ್ತಿದ್ದರು. ಗಿರಾಕಿಗಳು ಯಾವ ಪದ ಬರೆದು ಹುಡುಕುತ್ತಿದ್ದಾರೆ ಎಂದು ತೋರಿಸುತ್ತಿದ್ದರು. ಏರುವ ಪದಕ್ಕೆ ಹಸಿರು ಬಾಣ, ಇಳಿಯುವ ಪದಕ್ಕೆ ಕೆಂಪು ಬಾಣ. ಜಯಮಾಲಾ ಹಸಿರು ಬಾಣದ ಬೆನ್ನು ಹತ್ತಿ ಸೋತಿದ್ದಳು. ಅಣಬೆ ಏರಿದೆಯೆಂದು ಅಣಬೆ ಆಕಾರದ ತ್ಯಾಪಿ ಹಾಕಿ ಹೊಲಿದಳು. ಕೌದಿ ಮುಗಿಯುವಷ್ಟರಲ್ಲಿ ಮಂದಿ ಅಣಬೆ ಬಿಟ್ಟು ಕಪ್ಪೆಗೆ ಹೋಗಿದ್ದರು. ಕಪ್ಪೆ ಹೊಲಿದಳು. ಅಷ್ಟರಲ್ಲಿ ಬೆಣ್ಣೆ ಬಣ್ಣ ಬಂತು.

"ಬೆಣ್ಣಿ ಬಣ್ಣ ಅಂದ್ರ ಯಾವ ಬೆಣ್ಣಿರಿ ಅಕ್ಕಾರ?" ಎಂದು ಯಶೋಧಾ ಕೇಳಿದ್ದಳು. "ಎಮ್ಮಿ ಬೆಣ್ಣಿ ಬೆಳ್ಳಗ ಇರತೈತಿ, ಆಕಳ ಬೆಣ್ಣಿ ಹಳದಿ."

"ಹಳದಿ ಅಂತ ಹಾಕ್ಯಾರ."

"ಹಂಗಾರ ಪಾಪ, ಆಕಳ ಸಾಕಿದ ಮಂದಿ."

ಸಿದ್ದಾರೂಢ ತನ್ನ ಕಸುಬಿನ ಮಾತಿನಲ್ಲೇ ಹೇಳುತ್ತಿದ್ದ. "ಮಂದಿ ಆಸೆ ನಾನ್‌ಸ್ಟಾಪ್ ಬಸ್ಸು. ನಿನ್ನ ಸೂಜಿ ಹಳ್ಳಿ ಬಸ್ಸು, ಕೈ ಮಾಡಿದಲ್ಲೆಲ್ಲ ನಿಲ್ಲತೈತಿ. ಹ್ಯಾಂಗ ಕೂಡತೈತಿ?" ಕೂಡಲಿಲ್ಲ. ಕೋಣೆಯ ಮೂಲೆಯಲ್ಲಿ ಅಣಬೆ, ಕಪ್ಪೆ, ಬೆಣ್ಣೆ ಒಂದರ ಮೇಲೊಂದು ಮಲಗಿದ್ದವು. ಈ ಬೇಸಿಗೆಗೂ ಹೀಗೇ ಆದರೆ ಜಯಮಾಲಾ ಅಂಗಡಿ ಮುಚ್ಚುವವಳಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಸ್ತೂರೆವ್ವ ಅದನ್ನು ಅವಳ ರೊಟ್ಟಿ ಬಡಿಯುವ ಸದ್ದಿನಲ್ಲಿ ಕೇಳಿಸಿಕೊಂಡಿದ್ದಳು.

ಈ ಸೋಮವಾರ ಜಯಮಾಲಾ ಗಟ್ಟಿಯಾಗಿ ಓದಿದಳು. "ಗ್ರ್ಯಾಂಡ್‌ಮಾ ಮೇಡ್. ಹಸರ ಬಾಣ, ಎಲ್ಲಕ್ಕಿಂತ ಮ್ಯಾಲ."

"ಹಂಗಂದ್ರ?" ಯಶೋಧಾ ಕೇಳಿದಳು.

"ಆಯಿ ಮಾಡಿದ್ದು. ಆಯಿ ಕೈಯಾಗ ಹೊಲದ ಕೌದಿ ಬೇಕಂತ ಮಂದಿಗೆ."

ಇದಕ್ಕೆ ಹೊಸದೇನೂ ಹೊಲಿಯಬೇಕಾಗಿರಲಿಲ್ಲ. ಒಬ್ಬ ಆಯಿ ಸಾಕಿತ್ತು. ಇಬ್ಬರೂ ಒಟ್ಟಿಗೇ ತಲೆ ಎತ್ತಿ, ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದ ಕಸ್ತೂರೆವ್ವನನ್ನು ನೋಡಿದರು.

ಕಸ್ತೂರೆವ್ವ ಜೀವಮಾನವೆಲ್ಲ ನರ್ಸಬಾಯಿ. ಸುತ್ತಿನ ಹಳ್ಳಿಗಳ ಮಕ್ಕಳಿಗೆಲ್ಲ ಸೂಜಿ ಚುಚ್ಚಿ ನಿವೃತ್ತಳಾದವಳು. ಹೊಲಿಗೆಯ ಸೂಜಿ ಮಾತ್ರ ಅವಳ ಕೈಗೆ ಒಗ್ಗಿರಲಿಲ್ಲ. ಅವಳ ತಂದೆ ದಿನಾ ಸಂಜೆ ದೀಪ ಹಚ್ಚಿ ವಚನ ಹೇಳುತ್ತಿದ್ದರು, ಮನೆಮಂದಿ ಸುತ್ತ ಕುಳಿತು ಕೇಳುತ್ತಿದ್ದರು. ಹೇಳಿ ಮುಗಿದ ಮೇಲೆ ತುಸು ಹೊತ್ತು ಯಾರೂ ಬಾಯಿ ತೆರೆಯುವಂತಿರಲಿಲ್ಲ. ಈಗತಾನೆ ಅಂಥ ಮಾತು ಓಡಾಡಿದ ಗಾಳಿಯಲ್ಲಿ ನಮ್ಮ ಹೊಲಸು ಮಾತು, ಸುಳ್ಳು ಮಾತು ಬೆರೆಯಬಾರದು ಎನ್ನುವರು. ಅದು ಅವಳ ಮೈಯಲ್ಲಿ ಕುಳಿತುಬಿಟ್ಟಿತ್ತು. ಸೂಜಿ ಚುಚ್ಚುವಾಗ ಉಳಿದ ನರ್ಸುಗಳು ಮಕ್ಕಳಿಗೆ "ನೋಯಂಗಿಲ್ಲ" ಎನ್ನುತ್ತಿದ್ದರು. ಇವಳು "ನೋಯತೈತಿ, ತುಸು ಹೊತ್ತು" ಎನ್ನುತ್ತಿದ್ದಳು.

"ಒಂದ ಫೋಟೋರಿ ಅತ್ತಿ," ಎಂದಳು ಜಯಮಾಲಾ. "ಸೂಜಿ ಹಿಡಕೊಂಡು ಕುಂದ್ರೂದು ಅಷ್ಟ. ಏನೂ ಹೇಳಬ್ಯಾಡ್ರಿ."

ಏನೂ ಹೇಳಬೇಡಿ ಎಂದದ್ದಕ್ಕೇ ಕಸ್ತೂರೆವ್ವ ಒಪ್ಪಿದಳು. ಚಿತ್ರಕ್ಕೆ ಬಾಯಿಲ್ಲ. ಬಾಯಿಲ್ಲದ್ದು ಸುಳ್ಳು ಹೇಳುವುದು ಹೇಗೆ ಎಂದು ತನಗೆ ತಾನೇ ಅಂದುಕೊಂಡಳು. ಇನ್ನೊಂದು ಕಾರಣವೂ ಇತ್ತು. ಯಾರಾದರೂ ತನ್ನನ್ನು ಅಷ್ಟು ಹೊತ್ತು ಕಣ್ಣಿಟ್ಟು ನೋಡಿ ಬಹಳ ವರ್ಷವಾಗಿತ್ತು. ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಕೈಯಲ್ಲಿ ಸೂಜಿ ಹಿಡಿದು ಕುಳಿತಳು.

ಯಶೋಧಾ ನಕ್ಕುಬಿಟ್ಟಳು. "ಹಂಗ ಹಿಡೀಬ್ಯಾಡ್ರಿ ಅಮ್ಮಾರ. ಕೌದಿಗೆ ಇಂಜೆಕ್ಷನ್ ಕೊಡಾಕ ಹೊಂಟಂಗ ಕಾಣತೈತಿ."

ಜಯಮಾಲಾ ಬೆರಳು ತಿದ್ದಿ ಕೂಡ್ರಿಸಿದಳು. ಫೋಟೋ ಚೆನ್ನಾಗಿ ಬಂತು. ಅದರ ಕೆಳಗೆ ಅವಳು ಇಂಗ್ಲಿಷಿನಲ್ಲಿ ಏನೋ ಬರೆದು ತೋರಿಸಲು ಬಂದಾಗ ಕಸ್ತೂರೆವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಓದಲು ಬರುತ್ತಿತ್ತು. ಓದಲಿಲ್ಲ.

ಅಣಬೆ ಮೊದಲು ಹೋಯಿತು, ಅದರ ಹಿಂದೆ ಬೆಣ್ಣೆ, ಕಪ್ಪೆ. ಮೂಲೆ ಬರಿದಾಯಿತು. ಜಯಮಾಲಾ ಮತ್ತೆ ಹಾಡಿಕೊಂಡು ರೊಟ್ಟಿ ಬಡಿದಳು. ಇಂಡಿಯಿಂದ ಅಬಿದಾ ಫೋನು ಮಾಡಿದಳು. ಕಸ್ತೂರೆವ್ವನ ಜೊತೆ ಒಂದೇ ದವಾಖಾನೆಯಲ್ಲಿ ದುಡಿದ ಗೆಳತಿ ಅವಳು. ಮೊಮ್ಮಗಳು ಮೊಬೈಲಿನಲ್ಲಿ ಫೋಟೋ ತೋರಿಸಿದ್ದಳಂತೆ.

"ಕಸ್ತೂರಿ, ನೀ ಯಾವಾಗ ಕೌದಿ ಹೊಲಿಯೂದು ಕಲತಿ? ಗುಂಡಿ ಹರಿದ್ರ ನನ್ನ ಕಡೆ ಓಡಿ ಬರ್ತಿದ್ದಿ."

"ಅದು ಫೋಟೋ ಅಷ್ಟ, ಅಬಿದಾ."

"ಸೂಜಿ ಹಿಡದೀಯಲ?"

"ಹಿಡದೇನಿ. ಹೊಲದೇನಿ ಅಂತ ನಾ ಎಲ್ಲೆ ಅಂದೇನಿ?"

ಆ ಕಡೆ ಅಬಿದಾ ನಕ್ಕಳು. "ಶಾಣ್ಯಾಕಿ ಬಿಡು. ಮಾತು ಉಳಿಸಿಕೊಂಡಿ, ಫೋಟೋಕ್ಕ ಮಾರಿ ಕೊಟ್ಟಿ."

ಕಸ್ತೂರೆವ್ವನೂ ನಕ್ಕಳು. ನಕ್ಕ ಮೇಲೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ಅಲ್ಲೇ ಉಳಿಯಿತು.

ಕೌದಿ ಕೊಂಡವರು ಬರೆದು ಕಳಿಸಿದ್ದನ್ನು ಜಯಮಾಲಾ ಸಂಜೆ ಎಲ್ಲರಿಗೂ ಓದಿ ಹೇಳುತ್ತಿದ್ದಳು. ಅಜ್ಜಿಯ ಕೈಗೆ ನಮಸ್ಕಾರ, ಅಜ್ಜಿಗೆ ನೂರು ವರ್ಷ ಆಯುಷ್ಯ, ಹೀಗೆ. ಒಂದು ದಿನ ಓದುತ್ತ ಓದುತ್ತ ನಿಂತಳು. ಒಬ್ಬಾಕೆ ಮೂಲೆಗಳ ಹೊಲಿಗೆಯನ್ನೇ ಹೊಗಳಿದ್ದಳು. ನಾಲ್ಕೂ ಮೂಲೆಗೆ ಜೋಳದ ತೆನೆ ಬಗ್ಗಿದಂತೆ ಸಾಲು ತಿರುಗಿಸುವುದು ಜಯಮಾಲಾ ತಾನೇ ಕಂಡುಕೊಂಡ ರೀತಿ. ಊರಲ್ಲಿ ಇನ್ನಾರಿಗೂ ಅದು ಬರುತ್ತಿರಲಿಲ್ಲ. "ಇಂಥಾದ್ದು ಹಳೇ ಕೈಗಷ್ಟ ಬರತೈತಿ ಅಂತ ಬರದಾಳ," ಎಂದು ಮೊಬೈಲು ಕೆಳಗಿಟ್ಟು, ಹಾಲು ಉಕ್ಕೀತೆಂದು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಕಸ್ತೂರೆವ್ವ ಆ ಓದು ನಿಂತ ಜಾಗವನ್ನು ಕೇಳಿಸಿಕೊಂಡಳು.

ಆ ವಾರವೇ ಬೆಂಗಳೂರಿನ ದೊಡ್ಡ ಅಂಗಡಿಯ ಮೇಡಂ ಒಬ್ಬರು ಮಾತಾಡಿದರು. ವರ್ಷದುದ್ದಕ್ಕೂ ಎಷ್ಟು ಕೌದಿ ಹೊಲಿದರೂ ತಾವೇ ಕೊಳ್ಳುತ್ತೇವೆ ಎಂದರು. ಒಂದೇ ಶರತ್ತು. ಅಜ್ಜಿ ವಿಡಿಯೋದಲ್ಲಿ ಕೌದಿ ತೊಡೆಯ ಮೇಲಿಟ್ಟುಕೊಂಡು, ತಮ್ಮ ಭಾಷೆಯಲ್ಲೇ, "ಈ ಕೌದಿ ನಾ ಹೊಲದೇನಿ" ಎನ್ನಬೇಕು.

ಜಯಮಾಲಾ ಆಗಲೇ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ನೋಡಿಟ್ಟಿದ್ದಳು. ಅಲ್ಲಿ ಯಶೋಧಾಳಂಥ ನಾಲ್ಕು ಹೆಣ್ಣುಮಕ್ಕಳನ್ನು ಕೂಡ್ರಿಸಬಹುದು. ಅಡುಗೆಮನೆಯ ನೆಲದಿಂದ ಕೌದಿ ಮೇಲೇಳಬಹುದು. "ನಾಕ ಶಬ್ದರಿ ಅತ್ತಿ," ಎಂದಳು. "ನನ್ನ ಸಲುವಾಗಿ."

"ಒಂದ ಮಾತಿಗೆ ಏನಾಗತೈತಿ ಯವ್ವಾ?" ಎಂದು ಸಿದ್ದಾರೂಢನೂ ಊಟಕ್ಕೆ ಕುಳಿತಲ್ಲಿಂದ ಸೇರಿಸಿದ.

ಕಸ್ತೂರೆವ್ವ ಮಗನ ಮುಂದೆ ಇನ್ನೊಂದು ರೊಟ್ಟಿ ಇಟ್ಟಳು. ಬೆಳಿಗ್ಗೆ ಪೂಜೆಗೆ ಕುಳಿತಾಗ ಆ ನಾಲ್ಕು ಶಬ್ದವನ್ನು ಮೆಲ್ಲಗೆ ಅಂದು ನೋಡಿದಳು. ಅಂಗೈಯಲ್ಲಿ ಲಿಂಗವಿತ್ತು. ಮೂರನೆಯ ಶಬ್ದಕ್ಕೆ ನಾಲಿಗೆ ನಿಂತಿತು.

ಮಧ್ಯಾಹ್ನ ಜಯಮಾಲಾ ಪಾರ್ಸೆಲ್ ಹಾಕಲು ಪೋಸ್ಟ್ ಆಫೀಸಿಗೆ ಹೋದಾಗ ಕಸ್ತೂರೆವ್ವ ಯಶೋಧಾಳ ಮುಂದೆ ಬಂದು ಕುಳಿತಳು.

"ಸೂಜಿಗೆ ದಾರ ಪೋಣಸವ್ವ."

"ಮತ್ತ ಫೋಟೋ ಏನ್ರಿ?"

"ಹೊಲೀತೇನಿ. ವಿಡಿಯೋಕ್ಕ ಇಡೋ ಕೌದಿಯಾಗ ನಂದೂ ಒಂದ ಸಾಲು ಇರಲಿ. ಆಮ್ಯಾಲ ನಾ ಹೊಲದೇನಿ ಅಂದ್ರ ಖರೆ ಆಗತೈತಿ."

ಯಶೋಧಾ ದಾರ ಪೋಣಿಸಿಕೊಟ್ಟಳು. ಕಸ್ತೂರೆವ್ವ ಕೌದಿಯ ನಡುವಿನಲ್ಲಿ, ಇನ್ನೂ ಹೊಲಿಗೆ ಬೀಳದ ಜಾಗ ಹಿಡಿದು ಹೊಲಿದಳು. ಬೆರಳು ಚುಚ್ಚಿಕೊಂಡಳು. ಬಾಯಲ್ಲಿಟ್ಟು ಚೀಪಿ ಮತ್ತೆ ಹೊಲಿದಳು. ಸಾಲು ಮೇಲೆ ಹೋಯಿತು, ಕೆಳಗೆ ಬಂತು, ಒಂದು ಕಡೆ ಗಂಟಾಯಿತು.

"ಇರವಿ ದಾರಿ ತಪ್ಪಿದಂಗ ಆಗೇತ್ರಿ ಅಮ್ಮಾರ," ಎಂದಳು ಯಶೋಧಾ.

"ತಪ್ಪಲಿ. ಕಡೀಗೆ ಮುಟ್ಟಿತಲ್ಲ?"

ಅವತ್ತು ಅವಳಿಗೆ ಊಟ ರುಚಿಸಿತು. ಜಯಮಾಲಾಳಿಗೆ ಹೇಳಬೇಡ ಎಂದು ಯಶೋಧಾಳಿಗೆ ತಾಕೀತು ಮಾಡಿದ್ದಳು. ವಿಡಿಯೋ ಆಗುವವರೆಗೆ ಅದು ತನ್ನೊಬ್ಬಳ ಲೆಕ್ಕವಾಗಿರಲಿ ಎಂದಿತ್ತು.

ಗೊತ್ತು ಮಾಡಿದ ದಿನ ಬೆಳಿಗ್ಗೆ ಪಡಸಾಲೆ ಸಾರಿಸಿ, ಕಿಟಕಿಯ ಬೆಳಕು ಬೀಳುವಲ್ಲಿ ಚಾಪೆ ಹಾಕಿದರು. ಇಳಕಲ್ ಸೀರೆ ಉಟ್ಟು ಕುಳಿತ ಕಸ್ತೂರೆವ್ವನ ತೊಡೆಯ ಮೇಲೆ ಜಯಮಾಲಾ ಕೌದಿ ಹರಡಿ, ತಾನು ಮೊಬೈಲು ಹಿಡಿದು ಎದುರಿಗೆ ಕುಳಿತಳು. ಪರದೆಯಲ್ಲಿ ಮೇಡಂ ಕಾಣಿಸಿಕೊಂಡರು. ನಗುಮುಖದ, ಸಭ್ಯ ಹೆಂಗಸು.

"ನಮಸ್ಕಾರ ಅಜ್ಜಿ. ಎಷ್ಟು ಚೆನ್ನಾಗಿ ಕಾಣಿಸ್ತಿದ್ದೀರಾ. ಸ್ವಲ್ಪ ಕೌದಿ ಮೇಲೆ ಕೈ ಆಡಿಸಿ. ಆಮೇಲೆ ಹೇಳಿ, ಆಯ್ತಾ?"

ಕಸ್ತೂರೆವ್ವ ಕೈ ಆಡಿಸಿದಳು. ನಡುವಿಗೆ ಬಂದು ತನ್ನ ಸಾಲನ್ನು ಬೆರಳಿನಿಂದ ಹುಡುಕಿದಳು. ಗಂಟು ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದಳು. ಬೆರಳ ಕೆಳಗೆ ಎಲ್ಲ ಒಂದೇ ಅಳತೆಯ, ಒಂದೇ ಬಿಗಿಯ ಹೊಲಿಗೆ, ಬಿತ್ತಿದ ಹೊಲದ ಸಾಲಿನಂತೆ ನೆಟ್ಟಗೆ ಹೋಗಿತ್ತು.

"ಇಲ್ಲೆ ಒಂದ ಸಾಲಿತ್ತು," ಎಂದಳು.

"ಸೊಟ್ಟ ಸಾಲೇನ್ರಿ?" ಜಯಮಾಲಾ ಮೊಬೈಲಿನ ಹಿಂದಿನಿಂದ ಪಿಸುಗುಟ್ಟಿದಳು. "ಯಶೋಧಾ ಎಳದಿದ್ದಳ್ರಿ, ನಾ ಬಿಚ್ಚಿ ನೆಟ್ಟಗ ಹೊಲದೆ. ನನ್ನ ಕೌದಿಯಾಗ ಅಂಥಾದ್ದು ಇದ್ರ ನಂಗ ನಿದ್ದಿ ಹತ್ತಂಗಿಲ್ಲ. ಈಗ ಅನ್ರಿ."

ಗುಟ್ಟು ಬಿಟ್ಟುಕೊಡದೆ ಗೋಡೆಯ ಹತ್ತಿರ ನಿಂತಿದ್ದ ಯಶೋಧಾ ತಲೆ ತಗ್ಗಿಸಿದಳು.

ಕಸ್ತೂರೆವ್ವ ಸೊಸೆಯನ್ನು ನೋಡಿದಳು. ನನ್ನ ಕೌದಿ ಎಂದಿದ್ದಳು. ತಾನು ಅಂದದ್ದು ಅವಳಿಗೇ ಕೇಳಿಸಿರಲಿಲ್ಲ. ಒಂದು ಸಾಲಿನಷ್ಟು ಜಾಗವನ್ನೂ ಇನ್ನೊಂದು ಕೈಗೆ ಕೊಡಲಾರದವಳು ಇಡೀ ಕೌದಿಯನ್ನು ಇನ್ನೊಬ್ಬರ ಬಾಯಿಗೆ ಕೊಡಲು ಹೊರಟಿದ್ದಳು. ಈಗ ಈ ಕೌದಿಯಲ್ಲಿ ಕಸ್ತೂರೆವ್ವನದೆಂಬ ಒಂದು ಎಳೆಯೂ ಇರಲಿಲ್ಲ.

"ಅಜ್ಜಿ, ರೆಡಿನಾ?"

"ನೋಡ್ರಿ ಮೇಡಂ," ಎಂದಳು ಕಸ್ತೂರೆವ್ವ. "ಇದನ್ನ ಹೊಲದಾಕಿ ನನ್ನ ಸೊಸಿ, ಜಯಮಾಲಾ. ಈಗ ಮೊಬೈಲ್ ಹಿಡಕೊಂಡಾಕಿ. ಮೂಲ್ಯಾಗಿನ ತೆನಿ ಆಕಿದ, ನಡುವಿನ ಸಾಲೂ ಆಕಿದ. ಆಕಿ ಮಾರಿ ತೋರಸ್ರಿ."

ಮೇಡಂ ಸಿಟ್ಟಾಗಲಿಲ್ಲ.

"ಪರವಾಗಿಲ್ಲ ಅಜ್ಜಿ, ಎಲ್ಲ ಕಡೆನೂ ಹೀಗೇ ಇರುತ್ತೆ. ಆದರೆ ಜನ ಹುಡುಕ್ತಿರೋದು ಅಜ್ಜಿ ಮಾಡಿದ್ದನ್ನ. ಸೊಸೆ ಮಾಡಿದ್ದು ಅಂತ ಯಾರೂ ಹುಡುಕಲ್ಲ. ಹಾಗೆ ಹಾಕಿದರೆ ನಮಗೆ ಆಗಲ್ಲ. ನೀವು ಒಂದು ಸಲ ಹೇಳಿಬಿಡಿ ಸಾಕು."

ಜಯಮಾಲಾ ಮೊಬೈಲನ್ನು ಇಳಿಸಲಿಲ್ಲ. ಅವಳ ಕಣ್ಣು ತುಂಬಿದ್ದವು. ಯಾವುದಕ್ಕೆ ತುಂಬಿದವೋ, ಕೈತಪ್ಪುತ್ತಿದ್ದ ಖೋಲಿಗೋ, ಈಗಷ್ಟೇ ಬೇರೊಬ್ಬರ ಬಾಯಲ್ಲಿ ಕೇಳಿದ ತನ್ನ ಹೆಸರಿಗೋ, ಕಸ್ತೂರೆವ್ವನಿಗೂ ತಿಳಿಯಲಿಲ್ಲ.

"ಅಂದಬಿಡ್ರಿ ಅತ್ತಿ," ಎಂದಳು. "ನಿಮ್ಮ ಕಾಲ ಬೀಳ್ತೇನಿ."

"ಅನ್ನಂಗಿಲ್ಲ," ಎಂದಳು ಕಸ್ತೂರೆವ್ವ.