ನೆಲಕ್ಕಿಟ್ಟ ಕಾಫಿ

ಗಂಡಸರ ಚಾವಡಿಗೆ ಹೆಂಗಸು ಕಾಲಿಟ್ಟರೆ ಬಸ್ರಾ ಬಳಿಯ ನಮ್ಮ ಜೌಗಿನ ಕಡೆ ಕಾಫಿ ಬಗ್ಗಿಸುವವನ ಕೈಯೂ ನಿಂತುಹೋಗುತ್ತದೆ. ತಿಸ್ವಾಹಿನ್ ಕಾಲಿಟ್ಟಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಜೊಂಡಿನ ಕಮಾನುಗಳ ಕೆಳಗೆ ಸಾಲಾಗಿ ಕೂತವರಿಗೆಲ್ಲ ಸೇರಿಸಿ ಒಂದೇ ಸಲಾಮು ಹೇಳಿದಳು, ನೆಟ್ಟಗೆ ಕುಲದ ಯಜಮಾನ ಶೇಖ್ ಮಿಜ್ಬಿಲ್‌ನ ಎದುರಿಗೆ ಹೋಗಿ ಕೂತಳು. ಅವಳ ಹಿಂದೆ ಮೈದುನ ಚಾಸಿಬ್ ತಲೆ ತಗ್ಗಿಸಿಕೊಂಡು ಬಂದ.

ಅವನು ತಲೆ ತಗ್ಗಿಸಲು ಕಾರಣವಿತ್ತು. ಹೋದ ವಾರ ಮೀನಿನ ಸಂತೆಯಲ್ಲಿ ಶೇಖ್‌ನ ತಮ್ಮನ ಮಗನ ಮುಂದಿನ ಹಲ್ಲು ಉದುರಿಸಿದ್ದ. ಅತ್ತಿಗೆ ತನ್ನ ಪರವಾಗಿ ಕ್ಷಮೆ ಕೇಳಲು ಹೊರಟಿದ್ದಾಳೆ ಎಂದುಕೊಂಡೇ ದೋಣಿ ಹತ್ತಿದ್ದ. ಚಾವಡಿಯಲ್ಲಿದ್ದವರೂ ಹಾಗೇ ಅಂದುಕೊಂಡರು, ಶೇಖ್ ಕೂಡ. ಅವತ್ತು ಬೇರೆ ಬೇರೆ ಕುಲಗಳ ಹಿರಿಯರೆಲ್ಲ ಬಂದಿದ್ದರು. ದೊಡ್ಡಸ್ತಿಕೆ ತೋರಿಸಲು ಅದಕ್ಕಿಂತ ಒಳ್ಳೆಯ ದಿನ ಅವನಿಗೆ ಸಿಗುವಂತಿರಲಿಲ್ಲ.

ತಿಸ್ವಾಹಿನ್ ಬಂದದ್ದು ಎಮ್ಮೆಗಳಿಗಾಗಿ. ಮೇಲಿನಿಂದ ಹೊಸ ನೀರು ಬರದೆ ಜೌಗು ಬಿಸಿಲಿಗೆ ಬತ್ತಿ ಉಪ್ಪೇರಿತ್ತು. ಆ ನೀರು ಕುಡಿದು ಎಮ್ಮೆಗಳು ಕುರುಡಾಗುತ್ತಿದ್ದವು, ಆಮೇಲೆ ಸಾಯುತ್ತಿದ್ದವು. ಅವಳಿಗೆ ಉಳಿದದ್ದು ನಾಲ್ಕು. ಅವೂ ಹೋದರೆ ಬಸ್ರಾದ ಕೊಳೆಗೇರಿಯೇ ಗತಿ. ಅಲ್ಲಿಗೆ ಹೋದ ನೆರೆಯವರು ಕೆನೆ ಮಾರುತ್ತಿದ್ದ ಕೈಯಲ್ಲಿ ಪ್ಲಾಸ್ಟಿಕ್ ಆಯುವುದನ್ನು ಅವಳು ನೋಡಿ ಬಂದಿದ್ದಳು. ಇತ್ತ ಶೇಖ್ ಕಾಲುವೆಗೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿಸಿ, ಬಂದ ನೀರನ್ನೆಲ್ಲ ತನ್ನ ಮೀನಿನ ಹೊಂಡಗಳಿಗೆ ತಿರುಗಿಸಿಕೊಂಡಿದ್ದ. ಕೇಳಿದವರಿಗೆಲ್ಲ ಒಂದೇ ಉತ್ತರ: ಗಡಿಯಾಚೆಯವರು ಅಣೆಕಟ್ಟೆ ಕಟ್ಟಿದ್ದಾರೆ, ಅವರನ್ನು ಕೇಳಿ. ಕಟ್ಟಿದ್ದರು, ಸುಳ್ಳಲ್ಲ. ಆದರೆ ದೊಡ್ಡ ಕಳ್ಳನ ಹೆಸರು ಹೇಳಿಕೊಂಡು ಸಣ್ಣವನು ಜೇಬು ತುಂಬಿಕೊಂಡರೆ ಅದು ಕಳ್ಳತನವಲ್ಲವೇ?

ಕಾಫಿಯವನು ಬೆರಳುದ್ದದ ಬಟ್ಟಲಲ್ಲಿ ಕಹಿ ಕಾಫಿ ಕೊಟ್ಟ. ಅವಳು ಅದನ್ನು ತುಟಿಗೆ ಒಯ್ಯದೆ ಎದುರಿಗೆ ಚಾಪೆಯ ಮೇಲಿಟ್ಟಳು.

ಎಲ್ಲರೂ ಬಟ್ಟಲಿನತ್ತ ತಿರುಗಿದರು. ಅತಿಥಿ ಬಟ್ಟಲು ನೆಲಕ್ಕಿಟ್ಟರೆ ಬೇಡಿಕೆಯಿದೆ ಎಂದರ್ಥ. ಅದು ನೆರವೇರದೆ ಅವನು ಕುಡಿಯುವುದಿಲ್ಲ, ಕುಡಿಯದೆ ಎದ್ದುಹೋದರೆ ಆ ಮನೆಯ ಮಾನ ಹೋದಂತೆ. ಶೇಖ್ ಬಂದವರ ಮುಖಗಳನ್ನೆಲ್ಲ ಒಮ್ಮೆ ನೋಡಿ, ಮೀಸೆಯಡಿಯಲ್ಲೇ ನಕ್ಕ.

"ಕುಡಿಯಮ್ಮಾ, ಕುಡಿ. ಏನು ಕೇಳ್ಬೇಕಂತ ಬಂದಿದೀಯೋ ಅದು ಆಯ್ತು ಅಂತ್ಲೇ ತಿಳ್ಕೋ."

"ಏನೂಂತ ಕೇಳಲ್ವಾ?"

"ಕೇಳೋದೇನು! ಮಿಜ್ಬಿಲ್ ಮಾತು ಕೊಟ್ಟಾಯ್ತು."

ತಿಸ್ವಾಹಿನ್ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದಳು. ಸಾಕೆಂದು ಬಟ್ಟಲು ಅಲುಗಿಸಿ ಕಾಫಿಯವನ ಕೈಗಿಟ್ಟಳು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಹಾಗಿದ್ರೆ ಕಾಲುವೆ ಒಡ್ಡು ಈಗ್ಲೇ ಕಡಿಸಿ."

ಚಾಸಿಬ್ ಅವಳ ತೋಳು ಜಗ್ಗಿದ. "ಅತ್ತಿಗೆ, ಹಲ್ಲು! ಹಲ್ಲಿನ ವಿಷ್ಯ!"

"ಹೊಡೆದೋನು ನೀನು, ನೀನೇ ಕೇಳ್ಕೋ."

ಯಾರೋ ಕಿಸಕ್ಕನೆ ನಕ್ಕರು. ಶೇಖ್‌ನ ಮುಖ ಕಪ್ಪಿಟ್ಟಿತು. "ಇದು ಮೋಸ! ನಾನು ಮಾತು ಕೊಟ್ಟಿದ್ದು ಜಗಳದ ವಿಷ್ಯಕ್ಕೆ."

"ಕೇಳ್ತೀರಾ ಅಂದೆ. ಬೇಡ ಅಂದ್ರಿ. ಇಷ್ಟು ಜನ ಕೇಳಿಸ್ಕೊಂಡಿದಾರೆ. ಬೇಕಿದ್ರೆ ಆಗಲ್ಲ ಅಂತ ಇವ್ರ ಮುಂದೇನೇ ಹೇಳ್ಬಿಡಿ, ನಾನು ಎದ್ದು ಹೋಗ್ತೀನಿ."

ಅದೊಂದನ್ನು ಮಾತ್ರ ಅವನು ಹೇಳುವಂತಿರಲಿಲ್ಲ. ದನಿ ತಗ್ಗಿಸಿದ. "ನಂಗೇ ಬರೋದು ಬೊಗಸೆ ನೀರು, ತಾಯಿ."

"ಆ ಬೊಗಸೇಲಿ ನಮ್ಮ ಪಾಲೂ ಇದೆ. ನಮ್ಮೆಮ್ಮೆ ಕಣ್ಣು ಹೋಗಿ ನಿಮ್ಮ ಮೀನು ಕೊಬ್ಬೋದು ಬೇಡ."

"ನಾನೊಬ್ಬ ಒಡ್ಡು ಕಡಿದ್ರೆ ಏನಾಗುತ್ತೆ? ಕಾಲುವೆ ಮೇಲ್ಗಡೆ ಇರೋ ಶೇಖ್ ಮೂರು ಒಡ್ಡು ಹಾಕ್ಕೊಂಡಿದಾನೆ."

"ನಾಳೆ ಅವ್ರ ಚಾವಡಿಗೆ ಹೋಗೋಣ. ನೀವು ಬಟ್ಟಲು ಕೆಳಗಿಡಿ."

"ನಾನಾ?" ಮಿಜ್ಬಿಲ್ ಎದ್ದೇ ನಿಂತ. "ಅವನ ಮುಂದೆ ನಾನು ಬೇಡೋದಾ? ನಮ್ಮ ವಂಶದಲ್ಲೇ ಯಾರೂ ಬೇಡಿಲ್ಲ!"

"ನಮ್ಮ ವಂಶದಲ್ಲೂ ಯಾವ ಹೆಂಗಸೂ ಈ ಚಾಪೆ ಮೇಲೆ ಕೂತಿರ್ಲಿಲ್ಲ. ಕೂತೆ ನೋಡಿ, ಸತ್ತೇನೂ ಹೋಗ್ಲಿಲ್ಲ."

ಕೊಟ್ಟ ಮಾತಿಗೆ ಕಟ್ಟುಬಿದ್ದು ಶೇಖ್ ಸಂಜೆಯೊಳಗೆ ಒಡ್ಡು ಕಡಿಸಿದ. ಅದಾಗುವವರೆಗೂ ಅವಳು ದಂಡೆಯಿಂದ ಕದಲಲಿಲ್ಲ. ಕೆಂಪು ನೀರು ಮೊದಲು ಹನಿಹನಿಯಾಗಿ ಬಂತು, ಆಮೇಲೆ ಮೊಣಕಾಲಷ್ಟಾಗಿ ಜೌಗಿನ ಕಡೆ ಹರಿಯಿತು. ಅವಳಿಗೆ ಅಳು ಬಂತು. ಶೇಖ್‌ಗೆ ಕಾಣಬಾರದೆಂದು ಅವನಿಗೆ ಬೆನ್ನು ಮಾಡಿ ನಿಂತಳು.

ಹಿಂದಿನಿಂದ ಅವನು ಕೇಳಿದ, ಅರ್ಧ ಸಿಟ್ಟಿಗೆ, ಅರ್ಧ ನಿಜವಾಗಿಯೂ ತಿಳಿಯಲಿಕ್ಕೆ: "ಸರಿ, ನಾಳೆ ಬರ್ತೀನಿ. ಅವನನ್ನೂ ಒಪ್ಪಿಸ್ತೀವಿ, ಅವನ ಮೇಲಿನವನನ್ನೂ ಒಪ್ಪಿಸ್ತೀವಿ. ಕೊನೇಲಿ ಗಡಿ ಸಿಗುತ್ತಲ್ಲಾ? ಅಲ್ಲಿಯವರು ಕಾಫಿ ಕೊಡಲ್ಲಮ್ಮಾ, ಚಹಾ ಕೊಡ್ತಾರೆ. ನಮ್ಮ ಕಟ್ಟಳೆ ಅವ್ರಿಗೆ ಗೊತ್ತಿಲ್ಲ."

"ಎದುರಿಗೇ ಆರಿಹೋಗ್ತಿರೋ ಚಹಾ ನೋಡಿ, ಯಾಕೆ ಕುಡೀತಿಲ್ಲ ಅಂತ ಅವ್ರೇ ಕೇಳ್ತಾರೆ," ಅಂದಳು ತಿಸ್ವಾಹಿನ್. "ಆಗ ಹೇಳೋಣ."