ಅರ್ಧ ಹುಬ್ಬಿಗೆ ಸಿಕ್ಕ ಒಪ್ಪಿಗೆ

ಒಂದು ಹುಬ್ಬು ಆಗಿ ಇನ್ನೊಂದು ಬಾಕಿ ಇರುವ ಹೆಂಗಸು ಯಾವ ಮಾತಿಗೂ ಇಲ್ಲ ಅನ್ನುವುದಿಲ್ಲ. ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಎರಡೂ ಕೈಯಲ್ಲಿ ಹಣೆಯ ಚರ್ಮ ಎಳೆದು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತವಳು ಹೂಂ ಅನ್ನದೆ ಇನ್ನೇನು ಅಂದಾಳು? ಎದ್ದು ಹೋಗೋಣ ಎಂದರೆ ಆ ಮುಖ ಹೊತ್ತು ಬೀದಿಗೆ ಇಳಿಯುವ ಹಾಗಿಲ್ಲ.

ಪಾರ್ಲರಿನ ಅಕ್ಕನಿಗೆ ಇದು ಹೊಳೆದಿರಲಿಲ್ಲ. ತನ್ನ ಮಾತಿನಲ್ಲೇ ಏನೋ ಜಾದೂ ಇದೆ ಎಂದುಕೊಂಡಿದ್ದಳು. ಆ ವಾರವೆಲ್ಲ ಅವಳು ಹುಬ್ಬಿನ ಮೇಲೆ ದಾರ ಆಡಿಸುತ್ತಲೇ ಕ್ಯಾಶ್‌ಬ್ಯಾಕ್ ಸದಸ್ಯತ್ವದ ಸುದ್ದಿ ತೆಗೆಯುತ್ತಿದ್ದಳು. ಒಮ್ಮೆ ಶುಲ್ಕ ಕಟ್ಟಿ ಕಾರ್ಡು ಪಡೆದರೆ ಸಾಕು, ಆಮೇಲೆ ಕಂಪನಿಯ ಆ್ಯಪ್‌ನಲ್ಲಿ ಸೋಪು, ಎಣ್ಣೆ, ಬಟ್ಟೆ ಏನೇ ಕೊಂಡರೂ ಕಾಲು ಭಾಗ ಹಣ ವಾಪಸ್ಸು. ಕೇಳಿದವರೆಲ್ಲ ಹೂಂ ಅಂದರು. ಅವರು ಕೊಟ್ಟ ಶುಲ್ಕವೆಲ್ಲ ಬಾಚಣಿಗೆ ಇಡುವ ಡ್ರಾಯರಿನಲ್ಲಿ, ಖಾಲಿ ಪೌಡರ್ ಡಬ್ಬಿಯೊಳಗೆ ಇತ್ತು. ವಾರದ ಕೊನೆಯ ದಿನ ಸಂಜೆ ಮೈದುನ ಬಂದು ಅದನ್ನು ಕಂಪನಿಗೆ ಕಟ್ಟುವುದೆಂದು ಮಾತಾಗಿತ್ತು.

ಈ ಸ್ಕೀಮನ್ನು ಮನೆಗೆ ತಂದವನೂ ಆ ಮೈದುನನೇ. ಕೆಲಸ ಹೋಗಿ, ಊಟ ಸೇರದೆ, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಹುಡುಗ ಈಚೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಾಡುತ್ತಿದ್ದ. ಅವನನ್ನು ನೋಡಿ ಅತ್ತೆಯ ಮುಖವೂ ಅರಳಿತ್ತು. ಅತ್ತೆ ಪಾರ್ಲರಿನ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು, ಬಂದವರಿಗೆಲ್ಲ ಚಿಕ್ಕ ಮಗನ ಗುಣಗಾನ ಮಾಡುತ್ತಿದ್ದರು. ಅಕ್ಕನಿಗೆ ಒಳಗೊಳಗೇ ಅಳುಕು ಇತ್ತು. ಆದರೆ ಅತ್ತೆಯ ಖುಷಿಗೆ ಕಲ್ಲು ಹಾಕಲು ಮನಸ್ಸು ಬಾರದೆ ತಾನೂ ಶುಲ್ಕ ಕಟ್ಟಿ ಸೇರಿದ್ದಳು.

ಆ ಕೊನೆಯ ದಿನ ಮಧ್ಯಾಹ್ನ ಅವಳ ಶಾಲೆ ಕಾಲದ ಗೆಳತಿ ಬಂದಳು. ಗ್ರಾಹಕರ ದೂರು ಕೇಂದ್ರದಲ್ಲಿ ಅವಳಿಗೆ ಕೆಲಸ. ಹಾಗಾಗಿ ಪಾರ್ಲರಿನಲ್ಲಿ ಅವಳಿಗೆ 'ಕಂಪ್ಲೇಂಟು' ಎಂದೇ ಹೆಸರು.

ಅಕ್ಕ ಎಡಹುಬ್ಬು ಮುಗಿಸಿ ಎಂದಿನಂತೆ ಶುರು ಮಾಡಿದಳು. "ನೀನೂ ಒಂದು ಕಾರ್ಡು ಮಾಡಿಸ್ಕೊಳ್ಳೇ. ಲಾಭ ಇದೆ."

"ಮೊದ್ಲು ಬಲಹುಬ್ಬು ಮುಗ್ಸು. ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳೋಕೇನು ನೋವು?"

"ಈಗ ನೀನು ಬಾವಿಗೆ ಬೀಳು ಅಂದ್ರೂ ಹೂಂ ಅಂತೀನಿ. ನನ್ನ ಮುಖ ನಿನ್ನ ಕೈಲಿದೆಯಲ್ಲ."

ಅತ್ತೆ ಕಿಸಕ್ಕನೆ ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ಡಬ್ಬಿಗೆ ದುಡ್ಡು ಹಾಕಿದವರೆಲ್ಲ ಆ ಕುರ್ಚಿಯಲ್ಲಿ, ಅದೇ ಹೊತ್ತಿನಲ್ಲಿ ಹೂಂ ಅಂದವರು ಎಂಬುದು ಅವಳಿಗೆ ಆಗ ತಟ್ಟಿತು. ಸುಮ್ಮನೆ ಬಲಹುಬ್ಬು ಮುಗಿಸಿ, ಕನ್ನಡಿ ಕೊಟ್ಟಳು.

ಕಂಪ್ಲೇಂಟು ಎದ್ದು ಬೆಂಚಿನ ಮೇಲೆ ಕೂತಳು. "ಈಗ ಹೇಳು. ಕಾಲು ಭಾಗ ವಾಪಸ್ ಕೊಡ್ತಾರೆ ಅಂದ್ಯಲ್ಲ, ಎಲ್ಲಿಂದ ತಂದು ಕೊಡ್ತಾರೆ?"

"ಕಂಪನಿ ಕೊಡತ್ತೆ."

"ನೀನು ಎಲ್ರಿಗೂ ಫೇಶಿಯಲ್ ಮಾಡಿ ಕಾಲು ಭಾಗ ದುಡ್ಡು ವಾಪಸ್ ಕೊಡ್ತಾ ಹೋಗು, ನೋಡೋಣ."

"ಅಂಗಡಿ ಬಾಡಿಗೆ ಯಾರು ಕಟ್ತಾರೆ ಆಗ?"

"ನಾನು ಕೇಳ್ತಿರೋದೂ ಅದೇ. ಅವ್ರ ಬಾಡಿಗೆ ಯಾರು ಕಟ್ತಿದ್ದಾರೆ?"

ಅತ್ತೆಗೆ ಈ ಮಾತು ಹಿಡಿಸಲಿಲ್ಲ. "ಎಲ್ಲಾ ಕಡೆ ಕೊಡ್ತಾರಮ್ಮ. ಆ ದೊಡ್ಡ ದಿನಸಿ ಅಂಗಡಿಯೋರು ನಂಗೂ ಒಂದು ಕಾರ್ಡು ಕೊಟ್ಟಿದ್ದಾರೆ. ಅದೂ ಮೋಸಾನಾ?"

"ಅಲ್ಲಮ್ಮ, ಆ ಕಾರ್ಡು ನನ್ನ ಹತ್ರಾನೂ ಇದೆ. ನಾವು ಮತ್ತೆ ಅವ್ರ ಅಂಗಡಿಗೇ ಹೋಗ್ಲಿ ಅಂತ ತಮ್ಮ ಲಾಭದಲ್ಲೇ ಒಂದು ಚೂರು ಬಿಟ್ಕೊಡ್ತಾರೆ. ಎಷ್ಟು ಬಿಟ್ರು ಅಂತ ಬಿಲ್ಲಲ್ಲೇ ಕಾಣತ್ತೆ. ಶುಲ್ಕ ತಗೊಳ್ಳೋ ಒಳ್ಳೇ ಕಂಪನಿಗಳೂ ಇವೆ. ನಮ್ಮ ಉಳಿತಾಯ ಶುಲ್ಕಕ್ಕಿಂತ ಜಾಸ್ತಿ ಆದ್ರೆ ಸೇರಬಹುದು. ಆದ್ರೆ ಅವ್ರು ಯಾರೂ ನಮ್ಮನ್ನ, ಹೋಗಿ ಜನ ಸೇರಿಸ್ಕೊಂಡು ಬಾ ಅಂತ ಅಟ್ಟಿಲ್ಲ. ಹೊಸಬ್ರ ಶುಲ್ಕದಲ್ಲೇ ಹಳಬ್ರಿಗೆ ಹಂಚೋ ಕಡೇನೇ ಹೆಚ್ಚಾಗಿ ಹಾಗೆ ಅಟ್ತಾರೆ. ಹೊಸಬ್ರು ಬರೋದು ನಿಂತ ದಿನ ಎಲ್ಲಾ ನಿಲ್ಲತ್ತೆ."

ಅತ್ತೆ ಮೂಗು ಮುರಿದು ಕಿಟಕಿಯ ಕಡೆ ತಿರುಗಿದರು. ಕಂಪ್ಲೇಂಟು ಜಗಳಕ್ಕೆ ಹೋಗಲಿಲ್ಲ. "ನೀನು ದಿನಾ ಬಳಸೋ ಆ ಕ್ರೀಮು ಆ್ಯಪ್‌ನಲ್ಲಿ ಎಷ್ಟಿದೆ ನೋಡು" ಎಂದಳು ಅಕ್ಕನಿಗೆ.

ಚೌಕಾಸಿ ಮಾಡುವುದರಲ್ಲಿ ಅಕ್ಕನದು ಎತ್ತಿದ ಕೈ. ಎದುರು ಅಂಗಡಿಯವನು ಅವಳು ಬಂದರೆ ಒಳಗೆ ಹೋಗಿ ಕೂರುತ್ತಿದ್ದ. ಅಂಥವಳು ಈ ಆ್ಯಪ್‌ನ ಬೆಲೆಯನ್ನು ಒಮ್ಮೆಯೂ ಹೋಲಿಸಿ ನೋಡಿರಲಿಲ್ಲ. ಈಗ ನೋಡಿದಳು. ಅದೇ ಕ್ರೀಮು, ಅದೇ ಅಳತೆಯ ಡಬ್ಬಿ, ಎದುರು ಅಂಗಡಿಗಿಂತ ಅರ್ಧದಷ್ಟು ಹೆಚ್ಚು ಬೆಲೆ. ಕಾಲು ಭಾಗ ಕಳೆದರೂ ದುಬಾರಿಯೇ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಂಜೆ ಮೈದುನ ಬಂದ. ಕಂಪ್ಲೇಂಟು ಇನ್ನೂ ಅಲ್ಲೇ ಇದ್ದಳು. "ಅತ್ತಿಗೆ, ಡಬ್ಬಿ ಕೊಡಿ. ಇವತ್ತೇ ಕಟ್ಟಿದ್ರೆ ನೀವು ಗೋಲ್ಡ್ ಮೆಂಬರು. ನಾಳೆಗೆ ಈ ಆಫರ್ ಇರಲ್ಲ."

"ನಿಂಗೆ ಎಷ್ಟು ಬಂದಿದೆಯಪ್ಪ ಇಲ್ಲೀವರೆಗೆ?" ಎಂದು ಅಕ್ಕ ಕೇಳಿದಳು.

ಅವನು ಹೆಮ್ಮೆಯಿಂದ ಫೋನು ತೋರಿಸಿದ. ಪರದೆಯ ಮೇಲೆ ದೊಡ್ಡ ಮೊತ್ತವೇ ಮಿನುಗುತ್ತಿತ್ತು. ಅತ್ತೆ ಕಂಪ್ಲೇಂಟಿನ ಕಡೆ ನೋಡಿ, ಹೇಗಿದೆ ಎನ್ನುವಂತೆ ಹುಬ್ಬು ಹಾರಿಸಿದರು.

ಅಕ್ಕ ಮೆಲ್ಲಗೆ ಹೇಳಿದಳು. "ಅದ್ರಲ್ಲಿ ಬಸ್ ಚಾರ್ಜಿಗೆ ಆಗೋಷ್ಟು ನಿನ್ನ ಬ್ಯಾಂಕ್ ಖಾತೆಗೆ ಹಾಕ್ಕೊಂಡು ತೋರ್ಸು. ಅಷ್ಟೇ ಸಾಕು. ಡಬ್ಬಿ ಕೊಡ್ತೀನಿ."

ಅವನ ಬೆರಳು ಫೋನಿನ ಮೇಲೇ ನಿಂತಿತು. ಒತ್ತಿದರೆ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಒತ್ತಿದ. 'ಇನ್ನೂ ಮೂವರನ್ನು ಸೇರಿಸಿ, ನಂತರ ಹಣ ಪಡೆಯಿರಿ' ಎಂದು ಅಕ್ಷರ ಮೂಡಿತು.

"ಹೋದ್ ಸಲಾನೂ ಹಿಂಗೇ ಅಂತು" ಎಂದ ಅವನು, ತಲೆ ತಗ್ಗಿಸಿ. "ಸೇರಿಸ್ದೆ. ಮತ್ತೆ ಮೂವರು ಅಂತು."

"ಹಾಗಾದ್ರೆ ನಿನ್ನ ಕೈಗೆ ಏನು ಬಂದಿದೆಯೋ?" ಅತ್ತೆ ಕೇಳಿದರು.

"ಏನೂ ಬಂದಿಲ್ಲಮ್ಮ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀನು ಎಲ್ರ ಮುಂದೆ ನನ್ನ ಹೊಗಳ್ತಾ ಕೂತಿದ್ದೆ. ಹೆಂಗೆ ಹೇಳ್ಲಿ?"

ಅತ್ತೆ ಎದ್ದು ಬಂದು ಮಗನ ಪಕ್ಕ ಬೆಂಚಿನ ಮೇಲೆ ಕೂತರು. ಅವನ ಅಂಗಿಯ ತೋಳು ಸರಿ ಮಾಡಿದರು. ಬೈಯುತ್ತಾರೆ ಎಂದುಕೊಂಡಿದ್ದ ಅಕ್ಕ ಅವನಿಗೊಂದು ಲೋಟ ನೀರು ತಂದಿಟ್ಟಳು. "ಕೆಲಸ ಇವತ್ತಲ್ಲ ನಾಳೆ ಸಿಗತ್ತೆ" ಎಂದರು ಅತ್ತೆ. "ಡಬ್ಬಿ ಮುಟ್ಬೇಡ. ಅದು ಕಂಡೋರ ದುಡ್ಡು."

ಕಂಪ್ಲೇಂಟು ಮುಂದಿನ ಕೆಲಸ ಹೇಳಿದಳು. ಕಟ್ಟಿದ ಹಣದ ರಸೀದಿ, ಫೋನಿನ ಪರದೆಯ ಚಿತ್ರ, ಕಂಪನಿಯವರ ಮೆಸೇಜು ಯಾವುದನ್ನೂ ಅಳಿಸಬಾರದು. ಸದಸ್ಯತ್ವ ರದ್ದು ಮಾಡಿ, ಹಣ ವಾಪಸ್ ಕೊಡಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಬ್ಯಾಂಕಿಗೂ ಪೊಲೀಸರಿಗೂ ತಿಳಿಸಬೇಕು. ಮೈದುನ ಸೇರಿಸಿದವರಿಗೆ ಅವನೇ ಹೋಗಿ ಹೇಳಬೇಕು. "ಹೋಗಿದ್ದು ಬಂದೇ ಬರತ್ತೆ ಅಂತ ನಾನು ಮಾತು ಕೊಡಲ್ಲ" ಎಂದಳು. "ಬೇಗ ಹೇಳಿದಷ್ಟೂ ಒಳ್ಳೇದು."

ಮರುದಿನ ಅಕ್ಕ ಹಣ ಹಿಂದಿರುಗಿಸಲು ಹೊರಟಳು. ಮೊದಲು ಹೋದದ್ದು ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿಯ ಹತ್ತಿರ. ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಅವಳು ಹಣ ತೆಗೆದುಕೊಂಡಳು.

"ನಂಗೂ ಅನುಮಾನ ಇತ್ತಕ್ಕ."

"ಮತ್ಯಾಕೆ ಕೊಟ್ಟೆ?"

"ನೀವು ಕೇಳಿದ್ರಲ್ಲ."

ಮುಂದಿನ ಮನೆಯಲ್ಲೂ ಹೆಚ್ಚುಕಡಿಮೆ ಇದೇ ಮಾತು. ಅದರ ಮುಂದಿನ ಮನೆಯಲ್ಲೂ ಇದೇ. ಕಂಪನಿಯ ಹೆಸರು ಕೂಡ ಯಾರಿಗೂ ನೆನಪಿರಲಿಲ್ಲ. ಅವರೆಲ್ಲ ದುಡ್ಡು ಕೊಟ್ಟದ್ದು ಅಕ್ಕನ ಮುಖ ನೋಡಿ. ಆ ದಿನ ಅವಳಿಗೆ ನಾಚಿಕೆಯೂ ಆಯಿತು, ಎಂಥ ಅಂಚಿಗೆ ಹೋಗಿ ಬಂದೆನಲ್ಲ ಎಂದು ಭಯವೂ ಆಯಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ಕಾರ್ಡು ನಿಮ್ಮ ಮನೆಗೂ ಬರಬಹುದು. ಅಪರಿಚಿತರ ಕೈಯಲ್ಲಲ್ಲ, ನಿಮ್ಮವರ ಕೈಯಲ್ಲೇ ಬರಬಹುದು. ತಂದವರನ್ನು ಪ್ರೀತಿಯಿಂದ ಕೂರಿಸಿ, ನೀರು ಕೊಡಿ, ಕಾರ್ಡನ್ನು ಮಾತ್ರ ಪರೀಕ್ಷೆ ಮಾಡಿ. ವಾಪಸ್ ಕೊಡುವ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ಅದೇ ಸಾಮಾನಿಗೆ ಹೊರಗೆ ಎಷ್ಟು ಬೆಲೆ ಎಂದು ನೋಡಿ. ಫೋನಿನಲ್ಲಿ ಕಾಣುವ ಹಣ ಬ್ಯಾಂಕಿಗೆ ಇಳಿಯುತ್ತದೋ ಇಲ್ಲವೋ ತೋರಿಸಿ ಎನ್ನಿ. ಜನ ಸೇರಿಸಿದರೆ ಮಾತ್ರ ಹಣ ಎಂದರೆ, ಇವತ್ತೇ ಕಟ್ಟಿ ಎಂದು ಅವಸರ ಮಾಡಿದರೆ, ಕಟ್ಟಬೇಡಿ. ಗ್ರಾಹಕ ಸಹಾಯವಾಣಿಗೆ ಒಂದು ಕರೆ ಮಾಡಿ.

ಕಾರ್ಡು ಹಿಡಿದು ಹೊರಟವರು ನೀವೇ ಆಗಿದ್ದರೆ, ಹೊಸಿಲು ದಾಟುವ ಮೊದಲು ಒಂದು ಕ್ಷಣ ನಿಲ್ಲಿ. ನಿಮಗೆ ಇಲ್ಲ ಎನ್ನಲು ಬಾಯಿ ಬಾರದವರೇ ಮೊದಲು ದುಡ್ಡು ಕೊಡುತ್ತಾರೆ.